ಜಕ್ಕೂರು ಕೆರೆಯ ಕೆಂಬರಲು ಹಿಂಡು: ಫೋಕಸ್ ಎಲ್ಲಿ ತಪ್ಪುತ್ತಿತ್ತು?

ಹಾರುವ ಒಂಟಿ ಹಕ್ಕಿಯನ್ನು ಚೆನ್ನಾಗಿ ತೆಗೆಯುವವರೂ ಹಿಂಡು ಬಂದಾಗ ತಡವರಿಸುತ್ತಾರೆ. ಗರುಡನ ಕಣ್ಣು ಸೂಜಿಮೊನೆಯಷ್ಟು ಚೂಪಾಗಿ ಬಂದಿರುತ್ತದೆ. ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ಬೆಳಗ್ಗೆ ತೆಗೆದ ಬಾತುಗಳ ಹಿಂಡಿನಲ್ಲಿ ಒಂದು ಹಕ್ಕಿಯೂ ಶಾರ್ಪ್ ಇರುವುದಿಲ್ಲ. ಆಗ ಎಲ್ಲರೂ ಮೊದಲು ಕ್ಯಾಮೆರಾದ ಮೆನು ತೆರೆಯುತ್ತಾರೆ. ಮೆನುವಿನಲ್ಲಿ ಬದಲಿಸಬೇಕಾದದ್ದು ಸ್ವಲ್ಪ ಇದ್ದೇ ಇದೆ. ಆದರೆ ಹಿಂಡಿನ ಫೋಕಸ್ ಅರ್ಧಕ್ಕಿಂತ ಜಾಸ್ತಿ ನಿರ್ಧಾರವಾಗುವುದು ನಾವು ಕೆರೆಯ ಯಾವ ದಂಡೆಯಲ್ಲಿ ನಿಂತಿದ್ದೇವೆ, ಜೂಮ್ ಎಷ್ಟಿಟ್ಟಿದ್ದೇವೆ ಎಂಬುದರ ಮೇಲೆ. ಇದನ್ನು ಒಂದು ಪ್ರಕರಣದ ಮೂಲಕ ಪೂರ್ತಿಯಾಗಿ ಹೇಳುತ್ತೇನೆ.

ಪ್ರಕರಣ ಒಬ್ಬ ಹೈಸ್ಕೂಲ್ ವಿಜ್ಞಾನ ಟೀಚರ್ ಅವರದು. ಹೆಸರು ಬೇಡ, ಮೇಡಂ ಎಂದೇ ಕರೆಯೋಣ. ಚಳಿಗಾಲದ ರಜಾದಿನಗಳಲ್ಲಿ ಬೆಳಗ್ಗೆ ಬೇಗ ಬೆಂಗಳೂರಿನ ಜಕ್ಕೂರು ಕೆರೆಗೆ ಬರುತ್ತಾರೆ. ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಫೋಟೊ. ಎಳೆ ಬಿಸಿಲಿನಲ್ಲಿ ಸಾಲಾಗಿ ಹಾರುವ ಮಿಂಚು ಕೆಂಬರಲುಗಳ (ಬಾಗಿದ ಕೊಕ್ಕಿನ ಗ್ಲಾಸಿ ಐಬಿಸ್) ಹಿಂಡು. ಅದನ್ನು 18 ಇಂಚು ಅಗಲಕ್ಕೆ ಪ್ರಿಂಟ್ ಮಾಡಿಸಿ ಶಾಲೆಯ ಕಾರಿಡಾರಿನಲ್ಲಿ ಹಾಕಬೇಕು, ಮಕ್ಕಳು ಅಲ್ಲಿ ನಿಂತು ಕೊಕ್ಕು, ಕಾಲು, ರೆಕ್ಕೆ ನೋಡಬೇಕು ಎಂಬುದು ಆಸೆ. ಎರಡು ಚಳಿಗಾಲ ಪ್ರಯತ್ನ ಪಟ್ಟರೂ ಆ ಫೋಟೊ ಸಿಕ್ಕಿರಲಿಲ್ಲ.

ಕ್ಯಾಮೆರಾ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್ (ಫುಲ್ ಫ್ರೇಮ್ ಸೆನ್ಸರಿಗಿಂತ ಚಿಕ್ಕದು) ಇರುವ ಡಿಎಸ್ಎಲ್ಆರ್, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾ. ಲೆನ್ಸ್ 150-600 ಎಂಎಂ ಜೂಮ್. ಹಕ್ಕಿ ಫೋಟೊಗ್ರಫಿಗೆ ನಮ್ಮಲ್ಲಿ ಬಹಳ ಜನ ಕೊಳ್ಳುವ ಬಗೆಯದ್ದು. 600ರಲ್ಲಿ ಇದರ ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಎಫ್ 6.3ಕ್ಕಿಂತ ಹಿರಿದಾಗುವುದಿಲ್ಲ (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು). ಮೇಡಂ ಇಟ್ಟುಕೊಂಡಿದ್ದ ಸೆಟ್ಟಿಂಗ್ ಹೀಗಿತ್ತು: ಜೂಮ್ ಯಾವಾಗಲೂ 600, ಅಪರ್ಚರ್ ಎಫ್ 6.3, ಶಟರ್ 1/1000 ಸೆಕೆಂಡ್, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೊ, ಫೋಕಸ್ ವಸ್ತುವನ್ನು ಬಿಡದೆ ಹಿಂಬಾಲಿಸುವ ನಿರಂತರ ಮೋಡ್‌ನಲ್ಲಿ, ನಡುವಿನ ಒಂದೇ ಪಾಯಿಂಟ್. ಆ ನಿರಂತರ ಮೋಡನ್ನು ನಿಕಾನ್, ಸೋನಿಯವರು ಎಎಫ್-ಸಿ ಎನ್ನುತ್ತಾರೆ, ಕ್ಯಾನನ್‌ನವರು ಸರ್ವೋ ಎನ್ನುತ್ತಾರೆ. ಒಂಟಿ ಹಕ್ಕಿಗೆ ಇದರಲ್ಲಿ ತಪ್ಪೇನೂ ಇಲ್ಲ. ಅವರ ಗರುಡಗಳ ಫೋಟೊ ಅಷ್ಟು ಚೆನ್ನಾಗಿದ್ದದ್ದು ಸುಮ್ನೆ ಅಲ್ಲ.

"ಲೆನ್ಸೇ ಸರಿ ಇಲ್ಲ ಅನ್ಸುತ್ತೆ ಸಾರ್. ಮಗ ಹೊಸ ಮಿರರ್‌ಲೆಸ್ ತಗೋ ಅಮ್ಮ ಅಂತಾನೆ. ತಗೊಂಡ್ರೆ ಸರಿ ಹೋಗುತ್ತಾ?" ಎಂದು ಕೇಳಿದರು. ಲಕ್ಷಗಟ್ಟಲೆ ದುಡ್ಡಿನ ಮಾತು. ಅದಕ್ಕೆ ಮೊದಲು ಏನು ತಪ್ಪುತ್ತಿದೆ ಎಂದು ಹುಡುಕುವುದು ನ್ಯಾಯ.

ಲೆನ್ಸ್‌ನಿಂದಲೇ ಶುರು

ಲೆನ್ಸ್ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ದಂಡೆಯ ಮೇಲೆ ಅಕ್ಷರಗಳಿರುವ ಬೋರ್ಡ್ ಒಂದಿತ್ತು. ಸುಮಾರು 30 ಮೀಟರ್ ದೂರದಲ್ಲಿ ಟ್ರೈಪಾಡ್ ಇಟ್ಟು, ಸ್ಟೆಬಿಲೈಜರ್ (ಕೈ ಅಲುಗಾಟ ತಡೆಯುವ ವ್ಯವಸ್ಥೆ) ಆಫ್ ಮಾಡಿ, ಟೈಮರ್ ಹಾಕಿ ಎರಡು ಬಗೆಯಲ್ಲಿ ತೆಗೆದೆವು. ಒಮ್ಮೆ ವ್ಯೂಫೈಂಡರ್‌ನಿಂದ ಫೋಕಸ್ ಮಾಡಿ, ಇನ್ನೊಮ್ಮೆ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆಯಲ್ಲಿ ನೋಡುತ್ತಾ ಫೋಕಸ್ ಮಾಡಿ. ಡಿಎಸ್ಎಲ್ಆರ್‌ನಲ್ಲಿ ವ್ಯೂಫೈಂಡರ್‌ನಿಂದ ನೋಡುವಾಗ ಫೋಕಸ್ ಮಾಡುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಇವೆರಡರ ನಡುವೆ ಸ್ವಲ್ಪ ಹೊಂದಾಣಿಕೆ ತಪ್ಪಿದರೆ ಫೋಕಸ್ ಸದಾ ಮುಂದೆ ಅಥವಾ ಸದಾ ಹಿಂದೆ ಬೀಳುತ್ತದೆ. ಲೈವ್ ವ್ಯೂನಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸ್ ನೋಡುವುದರಿಂದ ಆ ತಪ್ಪು ಬರುವುದಿಲ್ಲ. ಎರಡೂ ಫೋಟೊಗಳಲ್ಲಿ ಅಕ್ಷರಗಳು ಒಂದೇ ಥರ ಇದ್ದವು. ಲೆನ್ಸ್ ಸರಿಯಾಗಿದೆ. ಹಿಂಡಿನ ಫೋಟೊ ಕೆಟ್ಟಿತೆಂದು ಲೆನ್ಸನ್ನು ಅನುಮಾನಿಸುವವರು ಮೊದಲು ಈ ಪರೀಕ್ಷೆ ಮಾಡಿಕೊಳ್ಳಲಿ.

ಕೆಟ್ಟ ಫೋಟೊಗಳು ಹೇಳಿದ್ದು

ಮೇಡಂ ಹಳೆಯ ಫೋಟೊಗಳನ್ನು ಅಳಿಸಿರಲಿಲ್ಲ. ಅದು ನಮ್ಮ ಪುಣ್ಯ. ಮಸುಕಾದ ಫೋಟೊ ಅಂದರೆ ಎಲ್ಲವೂ ಒಂದೇ ಥರದ ಮಸುಕು ಅಲ್ಲ. ದೊಡ್ಡದು ಮಾಡಿ ನಿಧಾನವಾಗಿ ನೋಡಿದರೆ ಪ್ರತಿಯೊಂದೂ ತನ್ನ ಕಾರಣ ಹೇಳುತ್ತದೆ.

ಫ್ರೇಮಿನಲ್ಲಿ ಎಲ್ಲೋ ಒಂದು ಕಡೆ ಶಾರ್ಪ್ ಇದೆ, ಆದರೆ ಬೇಕಾದ ಹಕ್ಕಿಯ ಮೇಲಿಲ್ಲ ಎಂದರೆ ಫೋಕಸ್ ಬೇರೆ ಕಡೆ ಹೋಗಿದೆ. ಹಿಂದಿನ ನೀಲಗಿರಿ ಮರದ ಎಲೆ ಚೆನ್ನಾಗಿ ಕಾಣುತ್ತಿರುತ್ತದೆ, ಇಲ್ಲವೇ ಅಪಾರ್ಟ್‌ಮೆಂಟಿನ ಬಾಲ್ಕನಿಯ ಕಂಬಿ. ಮಸುಕಿಗೆ ಒಂದು ದಿಕ್ಕು ಇದ್ದರೆ, ಕಣ್ಣಿನ ಮಿಂಚು ಚುಕ್ಕೆಯ ಬದಲು ಸಣ್ಣ ಗೆರೆಯಾಗಿದ್ದರೆ, ಅದು ಫೋಕಸ್ ತಪ್ಪಲ್ಲ. ಕ್ಯಾಮೆರಾ ಹಕ್ಕಿಯ ವೇಗಕ್ಕೆ ತಿರುಗಿಲ್ಲ ಅಥವಾ ಶಟರ್ ಸಾಲದು. ಮುಖ ಚೆನ್ನಾಗಿದ್ದು ರೆಕ್ಕೆಯ ತುದಿ ಮಾತ್ರ ಮಸುಕಾಗಿದ್ದರೆ ಅದು ರೆಕ್ಕೆ ಬಡಿತ. ಎಷ್ಟೋ ಸಲ ಅದು ಚೆಂದವೇ, ಸರಿಪಡಿಸಲು ಹೋಗಬೇಡಿ. ಫ್ರೇಮಿನಲ್ಲಿ ಎಲ್ಲೂ ಶಾರ್ಪ್ ಇಲ್ಲ, ಅಂಚುಗಳು ಅಲೆಅಲೆಯಾಗಿವೆ, ಬಟನ್ ಒತ್ತಿ ಹಿಡಿದು ಸರಸರನೆ ತೆಗೆದ ಒಂದೇ ಬರ್ಸ್ಟ್‌ನ ಪಕ್ಕಪಕ್ಕದ ಫೋಟೊಗಳಲ್ಲಿ ಕೊಕ್ಕಿನ ಆಕಾರ ಬದಲಾಗಿದೆ ಎಂದರೆ ದೂರು ಬಿಸಿಲಿಗೆ ಕಾದು ನಡುಗುವ ಗಾಳಿಯ ಮೇಲೆ.

ಮೇಡಂ ಅವರ ಫೋಟೊಗಳಲ್ಲಿ ಗಾಳಿಯ ತೊಂದರೆಯದ್ದು ಕೆಲವೇ. ದಿಕ್ಕಿರುವ ಮಸುಕು ಸಾಕಷ್ಟಿತ್ತು. ಆದರೆ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಮೊದಲನೆಯ ಬಗೆಯದ್ದು. ಅದರಲ್ಲೂ ಒಂದು ವಿಚಿತ್ರ ಇತ್ತು. ಒಂದೇ ಬರ್ಸ್ಟ್‌ನಲ್ಲಿ ಮೊದಲ ಫೋಟೊದಲ್ಲಿ ಎಡಗಡೆಯ ಹಕ್ಕಿ ಶಾರ್ಪ್, ಮುಂದಿನದರಲ್ಲಿ ಹಿಂದಿನ ಹಕ್ಕಿ, ಆಮೇಲೆ ಯಾವುದೂ ಇಲ್ಲ, ಮತ್ತೆ ಇನ್ನೊಂದು ಹಕ್ಕಿ. ಫೋಕಸ್ ಕೆಲಸ ಮಾಡುತ್ತಲೇ ಇತ್ತು. ಹಕ್ಕಿಯಿಂದ ಹಕ್ಕಿಗೆ ಹಾರುತ್ತಿತ್ತು. ಈ ಬರ್ಸ್ಟ್‌ಗಳಲ್ಲಿ ಇನ್ನೊಂದು ವಿಷಯವೂ ಕಂಡಿತು. ಹಕ್ಕಿಗಳೆಲ್ಲ ನೇರ ಕ್ಯಾಮೆರಾದ ಕಡೆಗೇ ಬರುತ್ತಿದ್ದವು.

ನಿಲ್ಲುವ ಜಾಗ

ಪ್ರಕರಣದ ಮುಖ್ಯ ಭಾಗ ಇದು. ಸ್ವಲ್ಪ ಲೆಕ್ಕ ಇದೆ, ಆದರೆ ಹೈಸ್ಕೂಲ್ ಲೆಕ್ಕವೇ. ಮೇಡಂ ಇದನ್ನು ಕಾಗದದ ಮೇಲೆ ತಾವೇ ಬಿಡಿಸಿದರು.

ಹಿಂಡು 60 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ನೇರ ನಮ್ಮ ಕಡೆ ಬರುತ್ತಿದ್ದರೆ, ಅದು 10 ಮೀಟರ್ ಹಾರಿದಾಗ ದೂರ ಪೂರ್ತಿ 10 ಮೀಟರ್ ಕಡಿಮೆಯಾಗುತ್ತದೆ. ಅದೇ ಹಿಂಡು ನಮ್ಮೆದುರು ಅಡ್ಡಲಾಗಿ ದಾಟುತ್ತಿದ್ದರೆ? ಸರಿಯಾಗಿ ಎದುರಿಗೆ ಬಂದಾಗ 60 ಮೀಟರ್. ಅಲ್ಲಿಂದ ಪಕ್ಕಕ್ಕೆ 10 ಮೀಟರ್ ಹೋದಾಗ ಪೈಥಾಗೊರಸ್ ಪ್ರಕಾರ 60.8 ಮೀಟರ್. ಬದಲಾವಣೆ 80 ಸೆಂಟಿಮೀಟರ್ ಮಾತ್ರ. ಆ ಕಡೆ 10, ಈ ಕಡೆ 10, ಒಟ್ಟು 20 ಮೀಟರ್ ಹಾರಾಟದ ಉದ್ದಕ್ಕೂ ಲೆನ್ಸ್ ಹೆಚ್ಚುಕಡಿಮೆ ಅಲುಗಬೇಕಾಗಿಯೇ ಇಲ್ಲ.

ಎದುರು ಬರುವ ಹಿಂಡಿನಲ್ಲಿ ಕ್ಯಾಮೆರಾ ಪ್ರತಿ ಫ್ರೇಮಿಗೂ ಮುಂದಿನ ದೂರವನ್ನು ಊಹಿಸಬೇಕು. ಹಕ್ಕಿಯ ವೇಗ ಸೆಕೆಂಡಿಗೆ 12 ಮೀಟರ್, ಕ್ಯಾಮೆರಾ ಸೆಕೆಂಡಿಗೆ 8 ಫ್ರೇಮ್ ಎಂದಿಟ್ಟುಕೊಂಡರೆ ಒಂದು ಕ್ಲಿಕ್ಕಿನಿಂದ ಇನ್ನೊಂದು ಕ್ಲಿಕ್ಕಿಗೆ ಹಕ್ಕಿ ಒಂದೂವರೆ ಮೀಟರ್ ಹತ್ತಿರ ಬಂದಿರುತ್ತದೆ. ಒಂಟಿ ಹಕ್ಕಿಯಾದರೆ ಈಗಿನ ಕ್ಯಾಮೆರಾಗಳು ಈ ಊಹೆಯನ್ನು ಚೆನ್ನಾಗಿಯೇ ಮಾಡುತ್ತವೆ. ಹಿಂಡಿನಲ್ಲಿ ತೊಂದರೆ ಏನೆಂದರೆ ಪಾಯಿಂಟಿನ ಕೆಳಗೆ ಈಗ ಒಂದು ಹಕ್ಕಿ, ಮರುಕ್ಷಣ ಅದರ ಹಿಂದಿನದು, ಆಮೇಲೆ ಎರಡರ ನಡುವಿನ ಖಾಲಿ ಜಾಗ. ಊಹೆಗೆ ಆಧಾರವಾದ ಅಳತೆಯೇ ಹೊಯ್ದಾಡುತ್ತದೆ.

ಮೇಡಂ ನಿಲ್ಲುತ್ತಿದ್ದ ಜಾಗ ನೆರಳಿತ್ತು, ಕೂರಲು ಬೆಂಚಿತ್ತು, ಕೆರೆ ಪೂರ್ತಿ ಕಾಣುತ್ತಿತ್ತು. ಆದರೆ ಕೆಂಬರಲುಗಳು ಜೊಂಡಿನ ಕಡೆಯಿಂದ ಎದ್ದು ನೇರ ಆ ಜಾಗದ ಮೇಲೆಯೇ ಹಾದು ಹೋಗುತ್ತಿದ್ದವು. ಅವು ಬೆಳಗಿನ ಹೊತ್ತು ಮೇಯುವುದು ಕೆಸರು, ಜೊಂಡು, ತೆಳ್ಳನೆ ನೀರು ಇರುವ ಕಡೆ. ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದಿಂದ ಬರುವ ನೀರು ಜೊಂಡು ಬೆಳೆದ ತೇವಭೂಮಿಯ ಮೂಲಕ ಹಾದು ಕೆರೆ ಸೇರುತ್ತದೆ. ಕೆರೆ ಸುಮಾರು 160 ಎಕರೆ ಇರುವುದರಿಂದ ಹಿಂಡು ಎದ್ದ ಮೇಲೆ ಸ್ವಲ್ಪ ದೂರ ಒಂದೇ ದಾರಿಯಲ್ಲಿ ಹಾರಲು ಜಾಗ ಇದೆ. ಎರಡು ಬೆಳಗ್ಗೆ ಕ್ಯಾಮೆರಾ ಎತ್ತದೆ ಬರೀ ನೋಡಿ ಎಂದು ಕೇಳಿಕೊಂಡೆ. ಎಲ್ಲಿಂದ ಏಳುತ್ತವೆ, ಯಾವ ಕಡೆ ತಿರುಗುತ್ತವೆ, ಎಲ್ಲಿ ಇಳಿಯುತ್ತವೆ ಎಂದು ನೋಟ್‌ಬುಕ್ಕಿನಲ್ಲಿ ಬಾಣ ಹಾಕಿ ಬರೆದುಕೊಂಡರು. ಎದ್ದ ಹಿಂಡುಗಳಲ್ಲಿ ಹೆಚ್ಚಿನವು ಉತ್ತರ-ದಕ್ಷಿಣವಾಗಿ ಸಾಗುತ್ತಿದ್ದವು. ಪೂರ್ವ ದಂಡೆಯಲ್ಲಿ ನಿಂತರೆ ಎದುರಿಗೇ ಅಡ್ಡ ದಾಟುತ್ತವೆ.

ಪೂರ್ವ ದಂಡೆಗೆ ಇನ್ನೆರಡು ಗುಣಗಳಿವೆ. ಬೆಳಗ್ಗೆ ಸೂರ್ಯ ನಮ್ಮ ಬೆನ್ನಿಗಿರುತ್ತಾನೆ, ಹಕ್ಕಿಯ ಮೈಮೇಲೆ ನೇರ ಬೆಳಕು. ಮಿಂಚು ಕೆಂಬರಲು ದೂರಕ್ಕೆ ಬರೀ ಕಪ್ಪು ಹಕ್ಕಿ. ಬಿಸಿಲು ಸರಿಯಾಗಿ ಬಿದ್ದಾಗಲೇ ಆ ಕಂದು, ಹಸಿರು, ನೇರಳೆ ಹೊಳಪು ಕಾಣುವುದು. ಗರಿಯ ವಿವರ ಕಂಡಷ್ಟೂ ಕ್ಯಾಮೆರಾಕ್ಕೂ ಫೋಕಸ್ ಸುಲಭ, ಏಕೆಂದರೆ ಅದು ಹುಡುಕುವುದು ಬೆಳಕು-ನೆರಳಿನ ಅಂಚುಗಳನ್ನೇ. ಎರಡನೆಯದು ಗಾಳಿ. ಚಳಿಗಾಲದಲ್ಲಿ ಬೆಂಗಳೂರಿಗೆ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಹಕ್ಕಿಗಳು ಏಳುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿಯೇ ನಿಲ್ಲುತ್ತವೆ. ಹಾಗಾಗಿ ಪೂರ್ವ ದಂಡೆಯಲ್ಲಿ ನಿಂತವರಿಗೆ ಇಳಿಯುವ ಹಿಂಡು ಮುಖ ತೋರಿಸುತ್ತದೆ. ಕಾಲು ಕೆಳಗೆ ಬಿಟ್ಟು, ರೆಕ್ಕೆ ಅಗಲಿಸಿ, ವೇಗ ಇಳಿಸಿ ಬರುತ್ತದೆ. ಅದು ಎದುರು ಬರುವ ಹಿಂಡೇ ಆದರೂ ನಿಧಾನ, ಆದ್ದರಿಂದ ಫೋಕಸ್ ಸಿಗುತ್ತದೆ. ಬೆಂಗಳೂರಿನ ಚಳಿಗಾಲದ ಬೆಳಗಿನಲ್ಲಿ ಬಿಸಿಲು, ಗಾಳಿ ಎರಡೂ ಒಂದೇ ದಿಕ್ಕಿನಿಂದ ಬರುತ್ತವೆ. ಹೀಗೆ ಎರಡೂ ಕೂಡಿ ಬರುವುದು ಎಲ್ಲ ಊರಿನ ಭಾಗ್ಯವಲ್ಲ.

ಜೂಮ್ ಹಿಂದಕ್ಕೆ

"600 ಎಂಎಂ ಇದ್ಮೇಲೆ ಬಳಸಬೇಕಲ್ವಾ?" ಎಂದು ಮೇಡಂ ಕೇಳಿದರು. ಒಂಟಿ ಹಕ್ಕಿಗೆ ಖಂಡಿತ ಬಳಸಿ. ಹಿಂಡಿಗೆ ಬಳಸಿದರೆ ಏನಾಗುತ್ತದೆ ನೋಡಿ.

ಎಪಿಎಸ್-ಸಿ ಸೆನ್ಸರಿನಲ್ಲಿ 600ರಲ್ಲಿ 60 ಮೀಟರ್ ದೂರಕ್ಕೆ ಫ್ರೇಮಿನ ಅಗಲ ಸುಮಾರು 2.35 ಮೀಟರ್. ಕೆಂಬರಲು ರೆಕ್ಕೆ ಬಿಚ್ಚಿದರೆ ಹತ್ತಿರ ಹತ್ತಿರ ಒಂದು ಮೀಟರ್. ಅಂದರೆ ಹಿಂಡಿನ ಎರಡು-ಮೂರು ಹಕ್ಕಿ ಹಿಡಿಸುತ್ತವೆ, ಅದೂ ಅರ್ಧಂಬರ್ಧ. ಎಫ್ 6.3ರಲ್ಲಿ ಫೋಕಸ್‌ನ ಆಳ, ಅಂದರೆ ಸ್ಪಷ್ಟವಾಗಿ ಕಾಣುವ ಪಟ್ಟಿ, ಸುಮಾರು ಎರಡೂವರೆ ಮೀಟರ್. ಓರೆ ಸಾಲಿನಲ್ಲಿ ಹಾರುವ ಕೆಂಬರಲುಗಳಲ್ಲಿ ಮುಂದಿನ ಹಕ್ಕಿಗೂ ನಾಲ್ಕನೆಯದಕ್ಕೂ ಅದಕ್ಕಿಂತ ಜಾಸ್ತಿ ಅಂತರ ಇರಬಹುದು. ಎಫ್ 8ಕ್ಕೆ ಹೋದರೆ ಆಳ 3.2 ಮೀಟರ್ ಆಗುತ್ತದೆ. ಸಿಕ್ಕಿದ್ದು ಬರೀ 70 ಸೆಂಟಿಮೀಟರ್, ಅದಕ್ಕೆ ಕಳೆದುಕೊಂಡ ಬೆಳಕು ಕಡಿಮೆಯಲ್ಲ.

ಈಗ ಅದೇ ಜಾಗದಲ್ಲಿ ನಿಂತು 300ಕ್ಕೆ ಬನ್ನಿ. ಎಫ್ 8ರಲ್ಲಿ ಆಳ ಸುಮಾರು 13 ಮೀಟರ್. 200ಕ್ಕೆ ಬಂದರೆ ಫ್ರೇಮಿನ ಅಗಲ 7 ಮೀಟರ್, ಆಳ ಸುಮಾರು 30 ಮೀಟರ್. ಹಿಂಡು ಫ್ರೇಮಿನಲ್ಲಿ ಅರ್ಧದಷ್ಟು ಚಿಕ್ಕದಾಗಿ ಕಂಡರೆ ಆಳ ನಾಲ್ಕು ಪಟ್ಟು ಹೆಚ್ಚುತ್ತದೆ, ಮೂರರಲ್ಲೊಂದು ಭಾಗವಾದರೆ ಒಂಬತ್ತು ಪಟ್ಟು. ಅಪರ್ಚರ್ ಬದಲಿಸಿ ಒದ್ದಾಡಿದರೂ ಸಿಗದ ಆಳ ಜೂಮ್ ರಿಂಗಿನಲ್ಲಿ ಸಲೀಸಾಗಿ ಸಿಗುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡುವವರು ಈ ಅಂಕಿಗಳನ್ನು ಅರ್ಧಕ್ಕೂ ಕಡಿಮೆ ಎಂದುಕೊಳ್ಳಬೇಕು. ಆಗಲೂ 200ರಲ್ಲಿ 12 ಮೀಟರಿನಷ್ಟು ಆಳ ಉಳಿಯುತ್ತದೆ. ಒಂದು ಸಾಲಿನ ಕೆಂಬರಲುಗಳಿಗೆ ಅದು ಧಾರಾಳ.

ಹಕ್ಕಿ ಚಿಕ್ಕದಾಗುವುದಿಲ್ಲವೇ? ಆಗುತ್ತದೆ. 200ರಲ್ಲಿ 60 ಮೀಟರ್ ದೂರದ ಒಂದು ಕೆಂಬರಲು, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 770 ಪಿಕ್ಸೆಲ್ ಬರುತ್ತದೆ. 18 ಇಂಚಿನ ಪ್ರಿಂಟಿನಲ್ಲಿ ಅದು ಎರಡು ಇಂಚಿಗೂ ಜಾಸ್ತಿ. ಮಕ್ಕಳು ಕೊಕ್ಕಿನ ಬಾಗು ನೋಡಲು ಅಷ್ಟು ಸಾಕು. ಜೊತೆಗೆ ಹಿಂಡು ಹಿಂಡಿನಂತೆ ಕಾಣುತ್ತದೆ. ನನಗೆ ಹಿಂಡಿನ ಫೋಟೊದಲ್ಲಿ ಹಕ್ಕಿಗಳ ನಡುವಿನ ಅಂತರವೇ ಇಷ್ಟ. ಒಂದರ ರೆಕ್ಕೆ ಮೇಲೆ, ಇನ್ನೊಂದರದು ಕೆಳಗೆ, ಆ ಲಯ ಫ್ರೇಮಿನ ಅಂಚಿನಲ್ಲಿ ತುಂಡಾದರೆ ಹಿಂಡೇ ಹೋದಂತೆ.

ಇನ್ನು ಎರಡು-ಮೂರು ಹಕ್ಕಿಗಳ ಹತ್ತಿರದ ಚಿತ್ರವೇ ಬೇಕೆಂದರೆ 600 ಇಟ್ಟುಕೊಳ್ಳಿ, ಆದರೆ ಯಾವ ಹಕ್ಕಿ ಎಂದು ಮೊದಲೇ ತೀರ್ಮಾನ ಮಾಡಿ. ನಮಗೆ ಅತಿ ಹತ್ತಿರದ ಹಕ್ಕಿಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಹಿಂದಿನವು ಮಸುಕಾದರೆ ಕಣ್ಣು ಒಪ್ಪುತ್ತದೆ. ಮುಂದಿನದು ಮಸುಕಾಗಿ ಹಿಂದಿನದು ಶಾರ್ಪ್ ಆದರೆ ಒಪ್ಪುವುದಿಲ್ಲ.

ಇಷ್ಟಾದ ಮೇಲೆ ಮೆನು

ನಡುವಿನ ಒಂದೇ ಪಾಯಿಂಟ್ ಹಿಂಡಿನ ಸಂದಿಯಲ್ಲಿ ಬಿದ್ದರೆ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಆಕಾಶ ಹಿನ್ನೆಲೆಯಾಗಿದ್ದಾಗ ಹಲವು ಪಾಯಿಂಟ್ ಒಟ್ಟಿಗೆ ನೋಡುವ ಗುಂಪು ಪಾಯಿಂಟ್ ಅಥವಾ ಜೋನ್ ಮೋಡ್ ಹಾಕಿ. ನಿಕಾನ್‌ನ ಗ್ರೂಪ್ ಏರಿಯಾ, ಕ್ಯಾನನ್‌ನ ಜೋನ್ ಎರಡೂ ತಮ್ಮ ಚೌಕದೊಳಗೆ ಹತ್ತಿರ ಇರುವ ವಸ್ತುವನ್ನೇ ಮೊದಲು ಹಿಡಿಯುವಂತೆ ಮಾಡಿದವು. ಹತ್ತಿರದ ಹಕ್ಕಿ ಶಾರ್ಪ್ ಇರಲಿ ಎನ್ನುವ ನಮ್ಮ ಆಸೆಗೂ ಅದು ಹೊಂದುತ್ತದೆ. ಹಿಂಡು ಮರಗಳ ಅಥವಾ ಕಟ್ಟಡಗಳ ಮುಂದೆ ಹಾರುವಾಗ ದೊಡ್ಡ ಜೋನ್ ಅಪಾಯ. ಕಿಟಕಿ, ಕಂಬಿ, ಬಾಲ್ಕನಿಗಳ ನೇರ ಗೆರೆಗಳು ಕಪ್ಪು ಹಕ್ಕಿಗಿಂತ ಚೆನ್ನಾಗಿ ಎದ್ದು ಕಾಣುತ್ತವೆ, ಕ್ಯಾಮೆರಾ ಅತ್ತ ಓಡುತ್ತದೆ. ಅಲ್ಲಿ ಚಿಕ್ಕ ಗುಂಪು ಇಟ್ಟುಕೊಳ್ಳಿ. ಜಕ್ಕೂರು ಸುತ್ತ ಈಗ ಎತ್ತರದ ಅಪಾರ್ಟ್‌ಮೆಂಟ್‌ಗಳು ಎದ್ದಿರುವುದರಿಂದ ಇದು ಸಣ್ಣ ವಿಷಯವಲ್ಲ. ಹಿಂಡು ಕಟ್ಟಡಗಳ ಸಾಲು ದಾಟಿ ಆಕಾಶಕ್ಕೆ ಬರುವವರೆಗೆ ಕಾಯುವುದು ಇನ್ನೂ ಒಳ್ಳೆಯದು.

ಫೋಕಸ್ ಎಷ್ಟು ಬೇಗ ಹೊಸ ವಸ್ತುವಿಗೆ ಹಾರಬೇಕು ಎಂಬುದಕ್ಕೂ ಒಂದು ಸೆಟ್ಟಿಂಗ್ ಇದೆ. ನಿಕಾನ್‌ನಲ್ಲಿ ಫೋಕಸ್ ಟ್ರ್ಯಾಕಿಂಗ್ ವಿತ್ ಲಾಕ್-ಆನ್, ಕ್ಯಾನನ್‌ನಲ್ಲಿ ಟ್ರ್ಯಾಕಿಂಗ್ ಸೆನ್ಸಿಟಿವಿಟಿ. ಮೇಡಂ ಇದನ್ನು ಅತಿ ಚುರುಕಿಗೆ ಇಟ್ಟಿದ್ದರು, ಹಾರುವ ಹಕ್ಕಿಗೆ ಚುರುಕು ಬೇಕು ಎಂದು ಎಲ್ಲೋ ಕೇಳಿದ್ದರಂತೆ. ಹಿಂಡಿಗೆ ಬೇಕಾದದ್ದು ತಾಳ್ಮೆ. ಒಂದು ಹಂತ ನಿಧಾನಕ್ಕೆ ಇಟ್ಟ ಮೇಲೆ ಹಕ್ಕಿಯಿಂದ ಹಕ್ಕಿಗೆ ನೆಗೆಯುವುದು ಬಹಳ ಕಡಿಮೆಯಾಯಿತು.

ಲೆನ್ಸಿನ ಬದಿಯಲ್ಲಿ ಫೋಕಸ್ ಲಿಮಿಟರ್ ಸ್ವಿಚ್ ಇರುತ್ತದೆ. ಈ ಬಗೆಯ ಜೂಮ್‌ಗಳಲ್ಲಿ ಅದನ್ನು 10 ಮೀಟರ್‌ನಿಂದ ಅನಂತಕ್ಕೆ ಇಟ್ಟರೆ ಲೆನ್ಸ್ ಹತ್ತಿರದ ದೂರಗಳಲ್ಲಿ ಹುಡುಕಾಡುವುದಿಲ್ಲ. ಹಿಂಡು ಬರುವ ಮೊದಲೇ ಸುಮಾರು ಅಷ್ಟೇ ದೂರದ ಒಂದು ಗೂಟಕ್ಕೋ ಜೊಂಡಿನ ತುದಿಗೋ ಫೋಕಸ್ ಮಾಡಿ ಇಟ್ಟುಕೊಳ್ಳುವುದನ್ನೂ ಅಭ್ಯಾಸ ಮಾಡಿಸಿದೆ. ಆಗ ವ್ಯೂಫೈಂಡರ್‌ನಲ್ಲಿ ಹಿಂಡು ಬಂದ ಕೂಡಲೇ ಕಾಣುತ್ತದೆ. ಪೂರ್ತಿ ಮಸುಕಾಗಿರುವ ಲೆನ್ಸಿನಲ್ಲಿ ಹಿಂಡನ್ನು ಹುಡುಕುವುದೇ ಕಷ್ಟ, ಹುಡುಕುವಷ್ಟರಲ್ಲಿ ಅದು ದಾಟಿಯೇ ಹೋಗಿರುತ್ತದೆ.

ಹೊಸ ಕ್ಯಾಮೆರಾದ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. 2020ರ ಕ್ಯಾನನ್ ಆರ್5, 2021ರ ಸೋನಿ ಎ1 ಬಂದ ಮೇಲೆ ಹಕ್ಕಿಯನ್ನು ತಾನೇ ಗುರುತಿಸುವ ಫೋಕಸ್ ನಿಜವಾಗಿಯೂ ದೊಡ್ಡ ಸಹಾಯವಾಗಿದೆ. ಒಂಟಿ ಹಕ್ಕಿಗೆ ಅದ್ಭುತ. ಹಿಂಡಿನಲ್ಲಿ ಮಾತ್ರ ಫ್ರೇಮ್ ತುಂಬ ಕಣ್ಣುಗಳು, ಅದೂ ಒಂದರಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಆಗ ಅದರ ಹುಡುಕುವ ಚೌಕವನ್ನೂ ಚಿಕ್ಕದು ಮಾಡಲೇಬೇಕು. ಆಳದ ಲೆಕ್ಕ ಯಾವ ಕ್ಯಾಮೆರಾಕ್ಕೂ ಬದಲಾಗುವುದಿಲ್ಲ. ಈ ಒಂದು ಫೋಟೊಗಾಗಿ ಹೊಸದು ಬೇಡ ಎಂದೆ.

ಕೈ ಮತ್ತು ಬೆಳಕು

ದಿಕ್ಕಿರುವ ಮಸುಕಿಗೆ ಬರೋಣ. ಅಡ್ಡ ದಾಟುವ ಹಿಂಡಿನಲ್ಲಿ ದೂರ ಬದಲಾಗುವುದಿಲ್ಲ ನಿಜ, ಆದರೆ ಚಿತ್ರ ಸೆನ್ಸರಿನ ಮೇಲೆ ವೇಗವಾಗಿ ಜಾರುತ್ತದೆ. ಹಿಂದಿನ ಲೆಕ್ಕವನ್ನೇ ಮುಂದುವರಿಸಿದರೆ, 600ರಲ್ಲಿ 60 ಮೀಟರ್ ದೂರದಲ್ಲಿ ಸೆಕೆಂಡಿಗೆ 12 ಮೀಟರ್ ಹಾರುವ ಹಕ್ಕಿ, ಕ್ಯಾಮೆರಾ ಅಲುಗದಿದ್ದರೆ, 1/1000 ಸೆಕೆಂಡಿನಲ್ಲಿ ಸುಮಾರು 30 ಪಿಕ್ಸೆಲ್ ಜಾರುತ್ತದೆ. 1/2000ದಲ್ಲಿ 15. ಶಟರ್ ಒಂದರಿಂದಲೇ ಇದನ್ನು ನಿಲ್ಲಿಸಲಾಗದು. ಕ್ಯಾಮೆರಾ ಹಕ್ಕಿಯ ಜೊತೆ ತಿರುಗಬೇಕು. ಹಕ್ಕಿಯ ವೇಗಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಹೊಂದಿಕೊಂಡರೂ 1/2000ದಲ್ಲಿ ಜಾರುವುದು ಒಂದೂವರೆ ಪಿಕ್ಸೆಲ್ ಮಾತ್ರ. 200ಕ್ಕೆ ಬಂದರೆ ಅದು ಇನ್ನೂ ಮೂರರಲ್ಲೊಂದು ಪಾಲು.

ಈ ಲೆನ್ಸ್ ಹತ್ತಿರ ಹತ್ತಿರ 2 ಕೆಜಿ. ಬರೀ ಕೈ ತಿರುಗಿಸಿದರೆ ಅಲುಗುತ್ತದೆ, ಸೊಂಟದಿಂದ ಮೇಲೆ ಪೂರ್ತಿ ಮೈ ತಿರುಗಬೇಕು. ಪಾದಗಳನ್ನು ಹಿಂಡು ಬರುವ ಕಡೆಗೆ ಇಡಬೇಡಿ. ಎಲ್ಲಿ ಕ್ಲಿಕ್ ಮಾಡಬೇಕೋ ಆ ಕಡೆಗೆ ಊರಿ. ಮೈ ತಿರುಚಿ ಹಿಂಡನ್ನು ಬೇಗ ಹಿಡಿದು, ಬಿಚ್ಚಿಕೊಳ್ಳುತ್ತಾ ಬಂದರೆ ಕ್ಲಿಕ್ಕಿನ ಹೊತ್ತಿಗೆ ಮೈ ಸಡಿಲವಾಗಿರುತ್ತದೆ. ಕ್ಲಿಕ್ಕಾದ ಮೇಲೂ ತಿರುಗುತ್ತಲೇ ಇರಬೇಕು. ಮೇಡಂ ಇದನ್ನು ಸಂಜೆ ತಾರಸಿಯ ಮೇಲೆ ಪಾರಿವಾಳ, ಬೆಳ್ಳಕ್ಕಿಗಳ ಮೇಲೆ ಅಭ್ಯಾಸ ಮಾಡಿದರು. ಬೆಂಗಳೂರಿನಲ್ಲಿ ಸಂಜೆ ಗೂಡಿಗೆ ಮರಳುವ ಬೆಳ್ಳಕ್ಕಿ ಸಾಲುಗಳಿಗೆ ಬರವಿಲ್ಲ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಬೇಡ. ಸ್ಟೆಬಿಲೈಜರ್ ಬಳಸುವುದಾದರೆ, ಹೀಗೆ ಕ್ಯಾಮೆರಾ ಪಕ್ಕಕ್ಕೆ ತಿರುಗಿಸುವಾಗ ಬಳಸುವ ಪ್ಯಾನಿಂಗ್ ಮೋಡ್‌ನಲ್ಲಿರಲಿ.

ಬೆಳಕಿನ ವಿಷಯ. ಜನವರಿ ಮಧ್ಯದಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು 6:45ಕ್ಕೆ. ಕಪ್ಪು ಹಕ್ಕಿಗೆ 1/2000, ಎಫ್ 8 ಬೇಕೆಂದರೆ ಮೊದಲ ಅರ್ಧ ಗಂಟೆ ಬೆಳಕು ಸಾಲದು. ಹಿನ್ನೆಲೆಯ ಆಕಾಶ ಬೆಳ್ಳಗಿರುವುದರಿಂದ ಮೀಟರ್ ಮೋಸ ಹೋಗಿ ಹಕ್ಕಿಯನ್ನು ಇನ್ನೂ ಕಪ್ಪು ಮಾಡುತ್ತದೆ. ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳಗಿಸಿದರೆ ಗರಿಯ ಬದಲು ಬರೀ ಕಾಳುಕಾಳು. ಫೋಕಸ್ ಸರಿಯಿದ್ದೂ ಮಸುಕೆಂದು ಕಂಡ ಫೋಟೊಗಳು ಅವರಲ್ಲಿ ಹಲವಿದ್ದವು. ಎಕ್ಸ್‌ಪೋಷರ್ ಒಂದು ಸ್ಟಾಪ್ (ಎರಡು ಪಟ್ಟು) ಹೆಚ್ಚಿಸಿಕೊಂಡು, ಏಳೂಕಾಲರ ನಂತರ ತೆಗೆಯುವುದೆಂದು ತೀರ್ಮಾನವಾಯಿತು. ಒಂಬತ್ತೂವರೆ ಹೊತ್ತಿಗೆ ಕಾಂಕ್ರೀಟ್ ದಾರಿ ಕಾದು ಗಾಳಿ ನಡುಗಲು ಶುರುವಾಗುತ್ತದೆ. ಆಗ ಲೈವ್ ವ್ಯೂನಲ್ಲಿ ಆಚೆ ದಂಡೆಯ ಮರವನ್ನು ದೊಡ್ಡದು ಮಾಡಿ ನೋಡಿ. ಮರ ಅಲೆಯಾಡುತ್ತಿದ್ದರೆ ದೂರದ ಹಿಂಡಿನ ಆಸೆ ಬಿಡಿ. ಯಾವ ಸೆಟ್ಟಿಂಗೂ ಅದನ್ನು ಸರಿಪಡಿಸಲಾರದು.

ಒಂದು ಮಾತು ಇಲ್ಲಿ ಹೇಳದೆ ಇರಲಾರೆ. ಹಿಂಡು ಏಳಲಿ ಎಂದು ಚಪ್ಪಾಳೆ ತಟ್ಟುವವರು, ಮಣ್ಣುಹೆಂಟೆ ಎಸೆಯುವವರು ಎಲ್ಲ ಕೆರೆಗಳಲ್ಲೂ ಕಾಣುತ್ತಾರೆ. ದಯವಿಟ್ಟು ಬೇಡ. ಬಾತುಗಳಿಗೂ ಕೆಂಬರಲುಗಳಿಗೂ ಬೆಳಗಿನ ಹೊತ್ತು ಮೇಯುವ ಹೊತ್ತು. ಓಡಿಸಿದಾಗೆಲ್ಲ ಅವು ತಿಂದದ್ದನ್ನು ಹಾರಾಟಕ್ಕೆ ಖರ್ಚು ಮಾಡುತ್ತವೆ. ಇದರಿಂದ ಫೋಟೊವೂ ಸಿಗುವುದಿಲ್ಲ. ಹೆದರಿದ ಹಿಂಡು ನಮಗೆ ಬೆನ್ನು ತಿರುಗಿಸಿ, ಗುಂಪುಗೂಡಿ, ದೂರ ಹೋಗುತ್ತದೆ. ತಾವಾಗಿ ಏಳುವ ಹಿಂಡು ಮೊದಲೇ ಸುಳಿವು ಕೊಡುತ್ತದೆ. ಮೇಯುವುದು ನಿಲ್ಲುತ್ತದೆ, ಕತ್ತುಗಳು ಮೇಲೆ ಬರುತ್ತವೆ, ಒಂದೊಂದೇ ಗಾಳಿಯ ಕಡೆ ತಿರುಗುತ್ತವೆ. ಕ್ಯಾಮೆರಾ ಕಣ್ಣಿಗೆ ಹಿಡಿಯಬೇಕಾದ್ದು ಆಗ.

ಏನಾಯಿತು

ಜನವರಿ ಮುಗಿಯುವುದರೊಳಗೆ ಮೇಡಂಗೆ ಫೋಟೊ ಸಿಕ್ಕಿತು. ಪೂರ್ವ ದಂಡೆ, ಎಂಟು ಗಂಟೆಯ ಬಿಸಿಲು, ಜೂಮ್ 200ರ ಹತ್ತಿರ, ಎಫ್ 8, 1/2500. ಏಳು ಕೆಂಬರಲುಗಳು ಎಡದಿಂದ ಬಲಕ್ಕೆ, ಸ್ವಲ್ಪ ಓರೆ ಸಾಲಿನಲ್ಲಿ. ಏಳರ ಕಣ್ಣುಗಳೂ ಕಾಣುತ್ತವೆ. ಮೂರನೆಯದರ ರೆಕ್ಕೆಯ ತುದಿ ಸ್ವಲ್ಪ ಮಸುಕು, ಅದು ಹಾಗೇ ಇರಲಿ ಎಂದೆ. ಅದೇ ಬರ್ಸ್ಟ್‌ನ ಎಲ್ಲ ಫೋಟೊಗಳೂ ಬಳಸುವಂತಿದ್ದವು. ಅದಕ್ಕೇ ನನಗೆ ಹೆಚ್ಚು ಖುಷಿಯಾದದ್ದು. ಅದೃಷ್ಟದಿಂದ ಸಿಕ್ಕ ಒಂದು ಫೋಟೊ ಆಗಿದ್ದರೆ ಪಕ್ಕದವು ಹಾಗಿರುತ್ತಿರಲಿಲ್ಲ.

ಎಲ್ಲವೂ ಬಗೆಹರಿದಿಲ್ಲ. ಸಂಜೆ ದ್ವೀಪದ ಮರಗಳಿಗೆ ಇಳಿಯುವ ನೀರುಕಾಗೆಗಳು ಅವರಿಗೆ ಇನ್ನೂ ಸಿಕ್ಕಿಲ್ಲ. ಕಪ್ಪು ಹಕ್ಕಿ, ಕಪ್ಪು ಮರ, ಇಳಿಯುವ ಬೆಳಕು. ಅಲ್ಲಿ ಆಟೊಫೋಕಸ್‌ನ ಮೇಲೆ ನನಗೆ ಭರವಸೆಯಿಲ್ಲ. ಮರಕ್ಕೇ ಮೊದಲು ಫೋಕಸ್ ಮಾಡಿ, ಫೋಕಸ್ ಬಟನ್ನಿನಿಂದ ಬೆರಳು ತೆಗೆದು, ಹಿಂಡು ಮರದ ದೂರಕ್ಕೆ ಬಂದಾಗ ಕ್ಲಿಕ್ ಮಾಡಿ ಎಂದು ಹೇಳಿದ್ದೇನೆ. ಇದಕ್ಕಾಗಿ ಫೋಕಸನ್ನು ಕ್ಯಾಮೆರಾದ ಹಿಂದಿನ ಬಟನ್ನಿಗೆ ಕೊಟ್ಟು, ಶಟರ್ ಬಟನ್ನಿನಿಂದ ತೆಗೆದುಹಾಕಿದ್ದಾರೆ. ಗುಲಾಬಿ ಕಬ್ಬಕ್ಕಿಗಳ ನೂರಾರು ಹಕ್ಕಿಗಳ ಹಿಂಡು ಸಿಕ್ಕಿದರೆ ಆ ಲೆಕ್ಕವೇ ಬೇರೆ. ಅಲ್ಲಿ ಒಂದು ಹಕ್ಕಿಯನ್ನು ಆರಿಸಲಾಗದು, ಹಿಂಡಿನ ಹತ್ತಿರದ ಅಂಚಿಗೆ ಜೋನ್ ಇಟ್ಟು 150ರಲ್ಲೇ ತೆಗೆಯಬೇಕು.

"ಮಳೆಗಾಲದಲ್ಲೂ ಇಲ್ಲೇ ನಿಲ್ಲಬೇಕಾ ಸಾರ್?" ಎಂದು ಕೇಳಿದರು. ಬೇಡ. ಜೂನ್ ನಂತರ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಬೆಳಗ್ಗೆ ಪೂರ್ವ ದಂಡೆಯಲ್ಲಿ ನಿಂತರೆ ಇಳಿಯುವ ಹಕ್ಕಿಗಳ ಬಾಲವೇ ಕಾಣುವುದು. ಆಗ ಸಂಜೆ ಬರಬೇಕು, ಪಶ್ಚಿಮ ದಂಡೆಯಲ್ಲಿ ನಿಲ್ಲಬೇಕು. ಮೋಡ ಬಿಟ್ಟ ದಿನ ಬಿಸಿಲೂ ಗಾಳಿಯೂ ಮತ್ತೆ ಬೆನ್ನ ಹಿಂದಿನಿಂದಲೇ ಬರುತ್ತವೆ. ಮೋಡ ಇದ್ದರೆ 1/2000ಕ್ಕೆ ಐಎಸ್ಒ ಏರಿಸಲು ಹಿಂಜರಿಯಬಾರದು.